ಅಂಚೆಚೀಟಿ ಸರಣಿ, ಭಾಗ 3: ಕತ್ತರಿ ಹಾಕಿದ್ಮೇಲೆ ಬೆಲೆ ಎಷ್ಟು?

ಹೋದ ಭಾಗ ಓದಿ ತುಂಬಾ ಜನ ಕೇಳಿದ್ದು ಒಂದೇ ಪ್ರಶ್ನೆ. "ಮನೇಲಿ ಹಳೇ ಸ್ಟಾಂಪ್ ಇದೆ, ಎಷ್ಟು ಬರತ್ತೆ?" ಹಳೇದಾದ್ರೆ ಸಾಲದು ಮಗಾ, ಯಾವ ಸ್ಥಿತೀಲಿ ಇದೆ ಅನ್ನೋದು ಮುಖ್ಯ.

1854ರಲ್ಲಿ ಇಡೀ ಬ್ರಿಟಿಷ್ ಇಂಡಿಯಾಕ್ಕೆ ಅಂಚೆಚೀಟಿ ಬಂದಾಗ ಅಂಚಿನಲ್ಲಿ ತೂತುಗಳೇ ಇರಲಿಲ್ಲ, ಕತ್ತರಿಯಿಂದಲೇ ಬಿಡಿಸಬೇಕಿತ್ತು. ಕಲ್ಕತ್ತಾದಲ್ಲಿ ಅಚ್ಚಾದ ನಾಲ್ಕಾಣೆ ಚೀಟಿಗೆ ಎಂಟು ಮೂಲೆಯ ಕೆಂಪು ಚೌಕಟ್ಟು, ಒಳಗೆ ನೀಲಿಯಲ್ಲಿ ವಿಕ್ಟೋರಿಯಾ ರಾಣಿಯ ತಲೆ. ಎಷ್ಟೋ ಜನ ಚೌಕಟ್ಟಿನ ಗೆರೆ ಹಿಡಿದೇ ಎಂಟು ಮೂಲೆಯಾಗಿ ಕತ್ತರಿಸಿ ಅಂಟಿಸಿದ್ರು. ಆಗ ಅದು ನೀಟಾದ ಕೆಲಸ. ಇವತ್ತು ಸುತ್ತಲೂ ಬಿಳಿ ಅಂಚು ಉಳಿಸಿಕೊಂಡ ಚೀಟಿಯ ಪಕ್ಕ ಇಟ್ರೆ ಅದಕ್ಕೆ ಸಿಗೋದು ಸಣ್ಣ ಪಾಲು ಅಷ್ಟೇ.

ಎರಡು ಬಣ್ಣಕ್ಕೆ ಬೇರೆ ಬೇರೆ ಸಲ ಅಚ್ಚು ಹಾಕ್ತಿದ್ರಿಂದ ಕೆಲವು ಚೀಟಿಗಳಲ್ಲಿ ರಾಣಿ ತಲೆಕೆಳಗು! ಅಂಥವು ಬೆರಳೆಣಿಕೆಯಷ್ಟೇ ಉಳಿದಿರೋದು, ಅದರಲ್ಲೂ ಹೆಚ್ಚಿನವು ಎಂಟು ಮೂಲೆಗೆ ಕತ್ತರಿಸಿದವು. ಆದ್ರೂ ಬೆಲೆ ಆಕಾಶದಲ್ಲಿ. ಪ್ರೆಸ್ಸಿನಲ್ಲಿ ಆದ ತಪ್ಪಿಗೆ ಬೆಲೆ ಏರತ್ತೆ, ನಮ್ಮ ಕೈಯಲ್ಲಿ ಆದ ತಪ್ಪಿಗೆ ಇಳಿಯತ್ತೆ. ನ್ಯಾಯಾನಾ ಇದು? ಗೊತ್ತಿಲ್ಲ, ಮಾರ್ಕೆಟ್ಟಂತೂ ಹಾಗೇ ನಡೀತಿದೆ.

ಬ್ರಿಟಿಷ್ ಗಯಾನಾದ 1856ರ ಒಂದು ಸೆಂಟ್ ಚೀಟಿ ನೋಡಿ. ನಾಲ್ಕೂ ಮೂಲೆ ಕತ್ತರಿಸಿದೆ, ಮೇಲೆ ಶಾಯಿಯ ಗೀಚು, ಮುದ್ರೆಯ ಮಸಿ. 2014ರಲ್ಲಿ ನ್ಯೂಯಾರ್ಕ್ ಹರಾಜಿನಲ್ಲಿ ಸುಮಾರು 95 ಲಕ್ಷ ಡಾಲರಿಗೆ ಹೋಯ್ತು, ಯಾಕಂದ್ರೆ ಗೊತ್ತಿರೋದು ಅದೊಂದೇ. ನಮ್ಮ ಬಿಕಾಂ ಡಿಪ್ರಿಸಿಯೇಷನ್ ಲೆಕ್ಕ ಇಲ್ಲಿ ಫುಲ್ ಫೇಲ್.

ಸಾವಿರಗಟ್ಟಲೆ ಸಿಗೋ ಚೀಟಿಗೆ ಆ ರಿಯಾಯಿತಿ ಇಲ್ಲ. ತೂತಿನ ಸಾಲಲ್ಲಿ ಒಂದು ಹಲ್ಲು ಮುರಿದ್ರೂ, ಮಡಿಕೆ ಬಿದ್ರೂ, ಬೆಳಕಿಗೆ ಹಿಡಿದಾಗ ಕಾಗದ ತೆಳುವಾಗಿ ಕಂಡ್ರೂ ಬೆಲೆ ಕುಸಿಯತ್ತೆ. 1948ರ ಗಾಂಧಿ ಹತ್ತು ರೂಪಾಯಿ ಚೀಟಿಯಲ್ಲೂ ಹಿಂದಿನ ಗೋಂದು ಮುಟ್ಟದ ಹಾಗಿದ್ರೆ ಒಂದು ರೇಟು, ಆಲ್ಬಮ್ಮಿಗೆ ಅಂಟಿಸಿ ಕಿತ್ತ ಗುರುತಿದ್ರೆ ಇನ್ನೊಂದು. ಹಿಂದೆ ಎಲ್ಲರೂ ಹಾಗೇ ಅಂಟಿಸ್ತಿದ್ರು, ಯಾರೂ ಅದನ್ನ ದೋಷ ಅಂತಿರಲಿಲ್ಲ. ಕಪಿಲೆ, ಕಾವೇರಿ ದಂಡೆಯ ನಮ್ಮ ಊರುಗಳಲ್ಲಿ ಮಳೆಗಾಲದ ತೇವ ಬೇರೆ: ಗೋಂದು ಹಳದಿಯಾಗತ್ತೆ, ಬೂಷ್ಟು ಹಿಡಿದು ಕಂದು ಚುಕ್ಕೆ ಬೀಳತ್ತೆ. ಪ್ಲಾಸ್ಟಿಕ್ ಕವರಿನಲ್ಲಿ ಬಿಗಿಯಾಗಿ ಕಟ್ಟಿಡೋದು ಇನ್ನೂ ಕೆಟ್ಟದ್ದು.

ಈಗ ನಮ್ಮ ವಿಷಯ. 1889ರಲ್ಲಿ ಬ್ರಿಟಿಷ್ ಅಂಚೆಗೆ ಸೇರೋವರೆಗೂ ಮೈಸೂರಿಗೆ ತನ್ನದೇ ಅಂಚೆ ವ್ಯವಸ್ಥೆ ಇತ್ತು, ಆದ್ರೆ ಹೈದರಾಬಾದ್, ತಿರುವಾಂಕೂರಿನ ಹಾಗೆ ಸ್ವಂತ ಅಂಚೆಚೀಟಿ ಇರಲಿಲ್ಲ. ಅಂದ್ರೆ ಮೈಸೂರು ಅಂಚೆಯ ಗುರುತು ಉಳಿದಿರೋದು ಕಾಗದದ ಮೇಲಿನ ಮುದ್ರೆಗಳಲ್ಲಿ. ಅಟ್ಟದ ಮೇಲೆ ಹಳೇ ಕಾಗದ ಸಿಕ್ಕಿದ್ರೆ "ಸ್ಟಾಂಪೇ ಇಲ್ಲ" ಅಂತ ಒಲೆಗೆ ಹಾಕ್ಬೇಡಿ. ಸ್ಟಾಂಪ್ ಇದ್ರೂ ಕತ್ತರಿಸಿ ತೆಗೀಬೇಡಿ, ನೀರಲ್ಲಿ ನೆನೆಸ್ಬೇಡಿ. ಲಕೋಟೆ ಸಮೇತ, ಮುದ್ರೆ ಸಮೇತ ಇರಲಿ. ಫೋಟೋ ತೆಗೆದು ಕಳ್ಸಿ, ಮುಂದಿನ ಭಾಗದಲ್ಲಿ ಮುದ್ರೆ ಓದೋಣ.