ದೀರ್ಘಕಾಲದ ಛಾಯಾಚಿತ್ರ: ಡಾಗೇರನ ತಗಡೂ ಸ್ಮಾರ್ಟ್‌ಫೋನೂ

1838ರಲ್ಲಿ ಲೂಯಿ ಡಾಗೇರನು ಪ್ಯಾರಿಸ್ ನಗರದ ಬುಲ್ವಾರ್ ದ್ಯು ತಾಂಪ್ಲ್ ಎಂಬ ರಾಜಬೀದಿಯ ಚಿತ್ರವನ್ನು ಬೆಳ್ಳಿಯ ಲೇಪವುಳ್ಳ ತಾಮ್ರದ ತಗಡಿನ ಮೇಲೆ ಪಡೆದನು. ಜನಸಂಚಾರವುಳ್ಳ ಆ ಬೀದಿಯು ಚಿತ್ರದಲ್ಲಿ ನಿರ್ಜನಪ್ರಾಯವಾಗಿ ತೋರುತ್ತದೆ. ತಗಡಿನ ಮೇಲೆ ಹಲವು ನಿಮಿಷಗಳ ಕಾಲ ಬೆಳಕು ಬೀಳಬೇಕಾಗಿದ್ದುದೇ ಇದಕ್ಕೆ ಕಾರಣ. ಚಲಿಸುತ್ತಿದ್ದ ಬಂಡಿಗಳೂ ಮನುಷ್ಯರೂ ಗುರುತುಳಿಯದೆ ಹೋದರು. ಪಾದರಕ್ಷೆಗೆ ಹೊಳಪು ಹಾಕಿಸಿಕೊಳ್ಳಲು ನಿಂತಿದ್ದ ಒಬ್ಬನೂ ಅವನ ಕಾಲ ಬಳಿಯಿದ್ದವನೂ ಮಾತ್ರ ಕಾಣಿಸಿಕೊಂಡರು.

ಅಂದಿನ ಈ ನ್ಯೂನತೆಯನ್ನು ಇಂದಿನವರು ಬೇಕೆಂದೇ ಅರಸುತ್ತಾರೆ. ಜಲಪಾತವನ್ನು ಹಾಲಿನಂತೆಯೂ ವಾಹನಗಳ ದೀಪಗಳನ್ನು ರೇಖೆಗಳಂತೆಯೂ ತೋರಿಸಲು ಸ್ಮಾರ್ಟ್‌ಫೋನೇ ಸಾಕೆನಿಸಿದೆ. ಆದರೆ ಎರಡೂ ಒಂದೇ ಕ್ರಮವೆಂಬುದು ಸಾಧುವಲ್ಲ. ಡಾಗೇರನ ತಗಡಿನ ಮೇಲೆ ಬೆಳಕು ತೈಲಧಾರೆಯಂತೆ ಅವಿಚ್ಛಿನ್ನವಾಗಿ ಬಿದ್ದಿತು. ಸ್ಮಾರ್ಟ್‌ಫೋನಿನಲ್ಲಿಯಾದರೋ ಅದು ಬಹುಮಟ್ಟಿಗೆ ಬಿಂದುಬಿಂದುವಾಗಿ ಸಂಗ್ರಹವಾಗುತ್ತದೆ. 2017ರಲ್ಲಿ ಐಫೋನಿಗೆ ಬಂದ ವಿಧಾನವು ಸುಮಾರು 3 ಸೆಕೆಂಡುಗಳ ಚಲಚ್ಚಿತ್ರದ ಬಿಂಬಗಳನ್ನು ಒಂದಾಗಿ ಬೆರೆಸುತ್ತದೆ.

2019ರ ಪಿಕ್ಸೆಲ್ 4 ಎಂಬ ಫೋನಿನ ಕ್ರಮವು ಇನ್ನೂ ವಿಚಾರಾರ್ಹವಾದುದು. ಅದು ರಾತ್ರಿಯ ಆಕಾಶವನ್ನು ತಲಾ 16 ಸೆಕೆಂಡು ಮೀರದ 15 ಬಿಂಬಗಳಾಗಿ ಗ್ರಹಿಸುತ್ತದೆ. ಒಟ್ಟು ಕಾಲ ಹೆಚ್ಚೆಂದರೆ 4 ನಿಮಿಷ. ಅಷ್ಟರಲ್ಲಿ ಭೂಭ್ರಮಣದಿಂದ ನಕ್ಷತ್ರಗಳು ಜರುಗಿರುತ್ತವೆ. ಯಂತ್ರವು ಆ ಜರುಗುವಿಕೆಯನ್ನು ಗಣಿಸಿ, ಬಿಂಬಗಳನ್ನು ಸರಿಹೊಂದಿಸಿ, ನಕ್ಷತ್ರಗಳನ್ನು ಬಿಂದುಗಳಾಗಿಯೇ ಉಳಿಸುತ್ತದೆ. ಡಾಗೇರನ ತಗಡಿನಲ್ಲಿ ಚಲಿಸಿದುದು ಅಳಿಯಿತು, ನಿಂತುದು ಉಳಿಯಿತು. ಇಲ್ಲಿ ಚಲಿಸಿದುದೂ ನಿಂತಂತೆ ಉಳಿಯುತ್ತದೆ. ಆದುದರಿಂದ ಇಂತಹ ಚಿತ್ರವನ್ನು ಸಾಕ್ಷ್ಯವಾಗಿ ಸ್ವೀಕರಿಸುವ ಇತಿಹಾಸಕಾರನು, ಬೆಳಕು ಬಿದ್ದ ಕಾಲವೆಷ್ಟೆಂಬುದರ ಜೊತೆಗೆ ಗಣಿತವು ಏನನ್ನು ತಿದ್ದಿತೆಂಬುದನ್ನೂ ವಿಚಾರಿಸಬೇಕಾಗುತ್ತದೆ.