ಜೈವಿಕ ಸಂವೇದಕ ಮತ್ತು ಕಡಲ ನಿಗಾ: ಮಂಗಳೂರು ಕರಾವಳಿಯ ಇತಿಹಾಸ

ಕಿಣ್ವ, ಪ್ರತಿಕಾಯ, ಜೀವಕೋಶದಂಥ ಜೀವಾಂಶವೊಂದನ್ನು ವಿದ್ಯುತ್ ಅಥವಾ ಬೆಳಕಿನ ಸಂಕೇತ ಕೊಡುವ ಸಾಧನಕ್ಕೆ ಜೋಡಿಸಿ ವಿಷ, ರೋಗಾಣು, ಲೋಹಗಳನ್ನು ಪತ್ತೆಹಚ್ಚುವ ಉಪಕರಣ ಜೈವಿಕ ಸಂವೇದಕ. ಅಮೆರಿಕದ ಲೆಲೆಂಡ್ ಕ್ಲಾರ್ಕ್ 1962ರಲ್ಲಿ ತಮ್ಮ ಆಮ್ಲಜನಕ ವಿದ್ಯುದ್ವಾರಕ್ಕೆ ಕಿಣ್ವ ಸೇರಿಸುವ ವಿಧಾನ ಪ್ರಕಟಿಸಿದ್ದು ಇದರ ಮೂಲ.

ರಕ್ತದ ಸಕ್ಕರೆ ಅಳೆಯಲು ಹುಟ್ಟಿದ ಈ ತಂತ್ರ ಕಡಲಿಗೆ ಇಳಿದದ್ದು ತಡವಾಗಿ. ಅಲ್ಲಿಯವರೆಗೆ ಇಡೀ ಪ್ರಾಣಿಯೇ ಸಾಕ್ಷಿ. ನೀರು ಸೋಸಿ ಬದುಕುವ ನೀಲಿಕಲ್ಲು ಎಂಬ ಚಿಪ್ಪುಮೀನು ಲೋಹ, ಕೀಟನಾಶಕಗಳನ್ನು ಮೈಯಲ್ಲಿ ಕೂಡಿಸಿಕೊಳ್ಳುತ್ತದೆ. ಅದನ್ನೇ ಮಾಪಕವಾಗಿಸಬೇಕೆಂದು ಎಡ್ವರ್ಡ್ ಗೋಲ್ಡ್‌ಬರ್ಗ್ 1975ರಲ್ಲಿ ಸೂಚಿಸಿದರು.

ಕನ್ನಡ ಕರಾವಳಿಗೆ ಕಡಲ ನಿಗಾದ ತುರ್ತು ತಟ್ಟಿದ್ದು 1983ರಲ್ಲಿ. ಮಂಗಳೂರು ಸೀಮೆಯಲ್ಲಿ ಮರುವಾಯಿ ಎಂಬ ಚಿಪ್ಪುಮೀನು ತಿಂದವರಲ್ಲಿ ಪಾರ್ಶ್ವವಾಯು ತರುವ ವಿಷಬಾಧೆ ಕಾಣಿಸಿಕೊಂಡಿತು. ಮಂಗಳೂರಿನ ಮೀನುಗಾರಿಕಾ ಕಾಲೇಜಿನ ಇಂದ್ರಾಣಿ ಕರುಣಾಸಾಗರ್, ಇಡ್ಯಾ ಕರುಣಾಸಾಗರ್ ಮತ್ತು ಸಂಗಡಿಗರು ಮರುವರ್ಷ ಅದನ್ನು 'ಕರೆಂಟ್ ಸೈನ್ಸ್' ಪತ್ರಿಕೆಯಲ್ಲಿ ದಾಖಲಿಸಿದರು. 1969ರಲ್ಲಿ ಬೆಂಗಳೂರು ಕೃಷಿ ವಿಶ್ವವಿದ್ಯಾಲಯದ ಅಡಿ ಆರಂಭವಾದ ಈ ಕಾಲೇಜು ದೇಶದಲ್ಲೇ ಮೊದಲನೆಯದು.

ಇಂಥ ಬಾಧೆಗೆ ಕಾರಣ ಸೂಕ್ಷ್ಮ ಪಾಚಿಗಳಿಂದ ಚಿಪ್ಪುಮೀನಿಗೆ ಸೇರುವ ಸ್ಯಾಕ್ಸಿಟಾಕ್ಸಿನ್. ಅದು ನರಗಳ ಸೋಡಿಯಂ ದಾರಿಯನ್ನು ಮುಚ್ಚುತ್ತದೆ; ಬೇಯಿಸಿದರೂ ಹೋಗದು, ರುಚಿಯಲ್ಲೂ ತಿಳಿಯದು. ಹಳೆಯ ಪರೀಕ್ಷೆ ಹೀಗಿತ್ತು: ಚಿಪ್ಪಿನ ಮಾಂಸದ ಸಾರವನ್ನು ಸುಮಾರು 20 ಗ್ರಾಂ ತೂಕದ ಇಲಿಯ ಹೊಟ್ಟೆಗೆ 1 ಮಿ.ಲೀ. ಚುಚ್ಚಿ, ಅದು ಸಾಯಲು ಹಿಡಿದ ಸಮಯದಿಂದ ವಿಷದ ಪ್ರಮಾಣ ಲೆಕ್ಕಹಾಕುವುದು. 100 ಗ್ರಾಂ ಮಾಂಸದಲ್ಲಿ 80 ಮೈಕ್ರೋಗ್ರಾಂ ಮೀರಿದರೆ ತಿನ್ನಲು ಯೋಗ್ಯವಲ್ಲ. ಬೆಳಿಗ್ಗೆ ಅಳಿವೆಯಲ್ಲಿ ಹೆಕ್ಕಿದ ಮರುವಾಯಿ ಮಧ್ಯಾಹ್ನ ಗಸಿಯಾಗುವ ಊರಿನಲ್ಲಿ, ಪ್ರಯೋಗಾಲಯದಿಂದ ಫಲಿತಾಂಶ ಬರುವವರೆಗೆ ಕಾಯುವವರು ಯಾರು? ಜೈವಿಕ ಸಂವೇದಕದ ನಿಜವಾದ ಬೆಲೆ ಇರುವುದು ಈ ಕೆಲವು ಗಂಟೆಗಳಲ್ಲಿ. ಚಿನ್ನದ ತೆಳು ಪದರದ ಮೇಲೆ ಪ್ರತಿಕಾಯ ವಿಷವನ್ನು ಹಿಡಿದಾಗ ಪ್ರತಿಫಲಿಸುವ ಬೆಳಕು ಬದಲಾಗುವುದನ್ನು ಅಳೆಯುವ ವಿಧಾನ ಇಲಿಯನ್ನೂ ಉಳಿಸುತ್ತದೆ, ಹೊತ್ತನ್ನೂ ಉಳಿಸುತ್ತದೆ.

ಕ್ಯಾಲಿಫೋರ್ನಿಯಾದ ಮಾಂಟೆರೇಯಲ್ಲಿ ನೀರಿನಡಿಯಲ್ಲೇ ಮಾದರಿ ಸೋಸಿ, ಪಾಚಿಯ ವಿಷ ಗುರುತಿಸುವ ಸ್ವಯಂಚಾಲಿತ ಯಂತ್ರ ರೂಪುಗೊಂಡಿತು. ಮಂಗಳೂರಿನ ಕಾಲೇಜು ಬೇರೆ ದಾರಿ ಹಿಡಿಯಿತು: ಸಿಗಡಿಯ ಬಿಳಿಚುಕ್ಕೆ ವೈರಾಣುವಿಗೆ ಮೊನೊಕ್ಲೋನಲ್ ಪ್ರತಿಕಾಯ ಬಳಸಿ, ರೈತರು ಕೊಳದ ಬದಿಯಲ್ಲೇ ಬಣ್ಣದ ಚುಕ್ಕೆ ನೋಡಿ ತಿಳಿಯಬಹುದಾದ ಪರೀಕ್ಷೆ ಸಿದ್ಧಪಡಿಸಿತು. ಸಂಕೇತ ಅಳೆಯುವ ಸಾಧನವಿಲ್ಲದ ಕಾರಣ ಅದು ಪೂರ್ಣ ಅರ್ಥದ ಸಂವೇದಕವಲ್ಲ. ಆದರೂ ನಮ್ಮ ಕರಾವಳಿಗೆ ಒಪ್ಪುವ ದಾರಿ ಅದೇ ಅನ್ನಿಸುತ್ತದೆ. ನೀರಿನಲ್ಲೇ ಬಿಡುವ ಸಂವೇದಕಕ್ಕೆ ಪಾಚಿ, ಬಾರ್ನಕಲ್‌ಗಳು ಬೇಗ ಅಂಟುತ್ತವೆ, ಬಿಸಿಗೆ ಪ್ರತಿಕಾಯ ಕೆಡುತ್ತದೆ, ಮಳೆಗಾಲದಲ್ಲಿ ಅಳಿವೆಯ ಉಪ್ಪಿನಂಶ ಥಟ್ಟನೆ ಇಳಿಯುತ್ತದೆ.