ಪ್ರಜಾಪ್ರಾತಿನಿಧ್ಯದ ವಿಚಾರವೂ ಮಧುಗಿರಿಯ ಸೀಮೆಯೂ

ತುಮಕೂರು ಜಿಲ್ಲೆಯ ಉತ್ತರಭಾಗದಲ್ಲಿ ಒಂದಕ್ಕೊಂದು ಹೊಂದಿಕೊಂಡಿರುವ ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡಗಳೆಂಬ ನಾಲ್ಕು ತಾಲ್ಲೂಕುಗಳು ಕಂದಾಯದ ಕಾರ್ಯಕ್ಕೆ ಒಂದೇ ಉಪವಿಭಾಗಕ್ಕೆ ಸೇರಿದವು. ವಿದ್ಯಾ ಇಲಾಖೆಯವರೂ ಇವನ್ನೇ ಕೂಡಿಸಿ ಮಧುಗಿರಿ ಶೈಕ್ಷಣಿಕ ಜಿಲ್ಲೆಯೆಂದು ಎಣಿಸಿರುವರು. ಇವುಗಳಿಗೆ ಬರುವ ಮಳೆ ಒಂದು, ಬೆಳೆ ಒಂದು, ಬರವೂ ಒಂದೇ. ಆದರೆ ಲೋಕಸಭೆಗೆ ಸದಸ್ಯರನ್ನು ಆರಿಸಿ ಕಳುಹಿಸುವ ಕಾಲ ಬಂದಾಗ ಮಾತ್ರ, 2008ರ ಕ್ಷೇತ್ರವಿಂಗಡಣೆಯ ಮೇರೆಗೆ, ಮಧುಗಿರಿ ಕೊರಟಗೆರೆಗಳು ತುಮಕೂರಿನ ಕಡೆಗೂ ಶಿರಾ ಪಾವಗಡಗಳು ಚಿತ್ರದುರ್ಗದ ಕಡೆಗೂ ಹಂಚಿಹೋಗುವುವು. ನೀರಿಲ್ಲದ ಕೆರೆಯ ಅಹವಾಲು ಒಂದೇ ಆದರೂ ಅದನ್ನು ಹೇಳಬೇಕಾದ ಬಾಯಿ ಎರಡು. ಚುನಾಯಿತ ಸಭೆಯು ಜನರನ್ನು ನಿಜವಾಗಿ ಪ್ರತಿನಿಧಿಸುವುದೇ ಎಂಬ ಪ್ರಶ್ನೆಯನ್ನು ಪಂಡಿತರು ಗ್ರಂಥಗಳಲ್ಲಿ ಚರ್ಚಿಸುವರಷ್ಟೆ. ಈ ಸೀಮೆಯಲ್ಲಿ ಅದಕ್ಕೆ ಒಂದು ಚರಿತ್ರೆಯೇ ಇರುವುದರಿಂದ ಇಲ್ಲಿ ಆ ದಾರಿಯಿಂದಲೇ ವಿಚಾರಮಾಡುವುದು ಯುಕ್ತ.

ಹಿಂದೆ ಮದ್ದಗಿರಿಯೆಂದು ಕರೆಯಿಸಿಕೊಳ್ಳುತ್ತಿದ್ದ ಮಧುಗಿರಿಯಲ್ಲಿ ಗೌಡ ಪಾಳೆಯಗಾರರು ಆಳಿದರು. 1678ರಲ್ಲಿ ಚಿಕ್ಕದೇವರಾಜ ಒಡೆಯರು ಅದನ್ನು ವಶಪಡಿಸಿಕೊಂಡರು. ಶಿರಾ ಪಟ್ಟಣವು 1687ರಿಂದ ಮೊಗಲರ ಸುಬಾದ ರಾಜಧಾನಿಯಾಗಿದ್ದು, 1757ರಲ್ಲಿ ಮರಾಠರಿಗೂ 1761ರಲ್ಲಿ ಹೈದರಾಲಿಗೂ ಕೈಬದಲಾಯಿತು. ಇಷ್ಟು ಧ್ವಜಗಳು ಏರಿ ಇಳಿದರೂ, ಒಂದು ಸಲವಾದರೂ ಒಕ್ಕಲಿಗನನ್ನು ಕರೆದು ನಿನ್ನ ಸಮ್ಮತಿಯೇನು ಎಂದು ಕೇಳಿದವರಿಲ್ಲ. ಹಾಗೆಂದು ಅವನಿಗೆ ಬಾಯಿಯೇ ಇರಲಿಲ್ಲವೆಂದು ಭಾವಿಸುವುದು ಸರಿಯಲ್ಲ. ಊರಿನ ಕಟ್ಟೆಯಮೇಲೆ ಗೌಡ, ಶಾನುಭೋಗ, ಹಿರಿಯರು ಕೂಡುತ್ತಿದ್ದರು. ಕಂದಾಯವು ಸಹಿಸಲಾರದಷ್ಟಾದರೆ ಊರಿಗೆ ಊರೇ ಮನೆಮಠ ಬಿಟ್ಟು ಮತ್ತೊಂದು ಸೀಮೆಗೆ ಹೊರಟುಹೋಗುವುದೂ ಉಂಟಾಗಿದ್ದಿತು. ಅದು ಆ ಕಾಲದ ಮತದಾನವೆಂದರೆ ಅತಿಶಯೋಕ್ತಿಯಾಗಲಾರದು. 1830ರಲ್ಲಿ ನಗರ ಸೀಮೆಯ ರೈತರು ಕೂಟ ಕಟ್ಟಿ ದಂಗೆಯೆದ್ದುದರ ಫಲವಾಗಿ ಮರುವರ್ಷವೇ ಸಂಸ್ಥಾನದ ಆಡಳಿತವು ಬ್ರಿಟಿಷ್ ಕಮಿಷನರರ ಕೈಗೆ ಹೋಯಿತು. ಐವತ್ತು ವರ್ಷ ಅವರಲ್ಲಿಯೇ ಉಳಿಯಿತು.

1881ನೆಯ ಮಾರ್ಚಿ 25ರಂದು ಶ್ರೀ ಚಾಮರಾಜೇಂದ್ರ ಒಡೆಯರಿಗೆ ರಾಜ್ಯವು ಹಿಂತಿರುಗಿ ಬಂದಾಗ ದೇಶದ ಸ್ಥಿತಿ ಶೋಚನೀಯವಾಗಿದ್ದಿತು. ಧಾತು ಈಶ್ವರ ಸಂವತ್ಸರಗಳ ಕ್ಷಾಮವು ಮುಗಿದು ಮೂರು ವರ್ಷವಾಗಿತ್ತಷ್ಟೆ. 1871ರ ಜನಗಣತಿಯಲ್ಲಿ 50 ಲಕ್ಷಕ್ಕೆ ಮೇಲ್ಪಟ್ಟಿದ್ದ ಸಂಸ್ಥಾನದ ಜನಸಂಖ್ಯೆಯು 1881ರಲ್ಲಿ 42 ಲಕ್ಷಕ್ಕಿಂತಲೂ ಕೆಳಗಿಳಿದಿದ್ದಿತು. ದಿವಾನ್ ಸಿ. ರಂಗಾಚಾರ್ಲು ಅವರು ಅದೇ ವರ್ಷದ ಆಗಸ್ಟಿನಲ್ಲಿ ಆಜ್ಞೆ ಹೊರಡಿಸಿ, ಪ್ರತಿ ತಾಲ್ಲೂಕಿನಿಂದಲೂ ವರ್ಚಸ್ಸುಳ್ಳ ಒಬ್ಬಿಬ್ಬರು ಭೂಮಾಲೀಕರನ್ನೂ ಜಿಲ್ಲೆಗಳಿಂದ ಮುಖ್ಯ ವರ್ತಕರನ್ನೂ ದಸರೆಯ ಸಮಯದಲ್ಲಿ ಮೈಸೂರಿಗೆ ಬರಮಾಡಿಕೊಳ್ಳಲು ಏರ್ಪಡಿಸಿದರು. ಅಕ್ಟೋಬರ್ 7ರಂದು 144 ಮಂದಿ ಕೂಡಿದರು. ಇದೇ ಪ್ರಜಾಪ್ರತಿನಿಧಿಸಭೆ, ದೇಶೀಯ ಸಂಸ್ಥಾನಗಳಲ್ಲಿ ಇಂಥದು ಇದೇ ಮೊದಲು. ರೈಲು ಇನ್ನೂ ಮೈಸೂರನ್ನು ಮುಟ್ಟಿರಲಿಲ್ಲವಾದುದರಿಂದ ಪಾವಗಡದಂತಹ ದೂರದ ತಾಲ್ಲೂಕಿನವರಿಗೆ ಆ ಪ್ರಯಾಣವೇ ಒಂದು ಯಾತ್ರೆಯಾಗಿದ್ದಿರಬೇಕು.

ಅಲ್ಲಿಗೆ ಹೋದವರು ಯಾರು? ಕಂದಾಯ ಕಟ್ಟುವವರು, ವ್ಯಾಪಾರ ಮಾಡುವವರು. ಕ್ಷಾಮದಲ್ಲಿ ಮೊದಲು ಸತ್ತವರು ಕೂಲಿಯವರು, ಮಗ್ಗ ನಿಂತುಹೋದ ನೇಕಾರರು, ಭೂಮಿಯಿಲ್ಲದ ಹೊಲೆಮಾದಿಗರ ಕೇರಿಯವರು. ಅವರ ಪರವಾಗಿ ಆ 144ರಲ್ಲಿ ಒಬ್ಬರಿಗೂ ಸ್ಥಾನ ಕಲ್ಪಿಸಿರಲಿಲ್ಲ. ಸಭೆಗಾದರೂ ಅಧಿಕಾರವಿದ್ದಿತೇ ಎಂದರೆ ಅದೂ ಇಲ್ಲ. ಸರ್ಕಾರದ ಉದ್ದೇಶಗಳನ್ನು ಜನರಿಗೆ ತಿಳಿಸುವುದು, ಜನರ ಅಹವಾಲನ್ನು ಸರ್ಕಾರಕ್ಕೆ ತಿಳಿಸುವುದು, ಇಷ್ಟೇ ಅದರ ಕೆಲಸ. ದಿವಾನರು ಕೇಳುವರು, ಉತ್ತರ ಹೇಳುವರು, ಸದಸ್ಯರು ಊರಿಗೆ ಮರಳುವರು. ಆದರೂ ಈ ಸಂಸ್ಥೆಯನ್ನು ಹಗುರಾಗಿ ಕಾಣುವುದು ನ್ಯಾಯವಲ್ಲ. ಅಮಲ್ದಾರನ ಎದುರಿಗೆ ನಿಂತು ಮಾತನಾಡಲು ಅಳುಕುತ್ತಿದ್ದ ಹಳ್ಳಿಯ ಪಟೇಲನು ದಿವಾನರ ಎದುರಿಗೆ ಎದ್ದುನಿಂತು ನಮ್ಮ ಕೆರೆಯ ಕೋಡಿ ಕಿತ್ತುಹೋಗಿದೆಯೆಂದು ಹೇಳುವುದನ್ನು ಕಲಿತುದು ಅಲ್ಲಿಯೇ.

ಮುಂದಿನ ಹೆಜ್ಜೆಗಳು ಬಹಳ ನಿಧಾನವಾಗಿ ಬಿದ್ದುವು. 1891ರಲ್ಲಿ ಚುನಾವಣೆಯ ಹಕ್ಕು ದೊರೆಯಿತು. ಅದೂ ಆಸ್ತಿಯುಳ್ಳವರಿಗೆ, ಮತ್ತು ಪದವೀಧರರಿಗೆ. 1907ರಲ್ಲಿ ನ್ಯಾಯವಿಧಾಯಕ ಸಭೆಯು ಸ್ಥಾಪಿತವಾಯಿತು. ಈ ಮಧ್ಯೆ ಸರ್ಕಾರಿ ಉದ್ಯೋಗಗಳಲ್ಲಿಯೂ ಸಭೆಗಳಲ್ಲಿಯೂ ಒಂದೇ ವರ್ಗದವರು ತುಂಬಿರುವರೆಂಬ ಕೊರಗು ಬೆಳೆಯಿತು. 1905ರಲ್ಲಿ ಲಿಂಗಾಯತರು ವಿದ್ಯಾಭಿವೃದ್ಧಿಯ ಸಂಸ್ಥೆಯನ್ನೂ, ಮರುವರ್ಷ ಒಕ್ಕಲಿಗರು ತಮ್ಮ ಸಂಘವನ್ನೂ ಕಟ್ಟಿಕೊಂಡರು. 1917ರಲ್ಲಿ ಪ್ರಜಾಮಿತ್ರ ಮಂಡಲಿಯು ಹುಟ್ಟಿತು. 1918ರಲ್ಲಿ ಸರ್ ಲೆಸ್ಲಿ ಮಿಲ್ಲರ್ ಅವರ ಸಮಿತಿಯು ನೇಮಿಸಲ್ಪಟ್ಟಿತು. ಪ್ರಾತಿನಿಧ್ಯವೆಂದರೆ ತಾಲ್ಲೂಕಿನ ಪ್ರಾತಿನಿಧ್ಯವೋ ಜನಾಂಗದ ಪ್ರಾತಿನಿಧ್ಯವೋ ಎಂಬ ಪ್ರಶ್ನೆ ಅಂದು ಎದ್ದುದು ಇಂದಿಗೂ ಮಲಗಿಲ್ಲ. ಬ್ರಜೇಂದ್ರನಾಥ ಸೀಲ್ ಅವರ ಸಮಿತಿಯ ಸಲಹೆಗಳನ್ನು ಅನುಸರಿಸಿ 1923ರಲ್ಲಿ ಸಭೆಗೆ ಕಾನೂನಿನ ತಳಹದಿ ದೊರೆತು, ಸ್ತ್ರೀಯರಿಗೂ ಮತಾಧಿಕಾರ ಬಂದಿತು. ಶಾಸನಗಳ ವಿಷಯದಲ್ಲಿಯೂ ಹೊಸ ತೆರಿಗೆಗಳ ವಿಷಯದಲ್ಲಿಯೂ ಸಭೆಯ ಅಭಿಪ್ರಾಯ ಕೇಳುವುದು ಪದ್ಧತಿಯಾಯಿತು. ದಿವಾನರನ್ನು ಬದಲಾಯಿಸುವ ಅಧಿಕಾರ ಮಾತ್ರ ಕಡೆಯವರೆಗೂ ಅದಕ್ಕೆ ಬರಲಿಲ್ಲ.

ಆ ಕೊರತೆಯ ಬೆಲೆ ಎಷ್ಟೆಂಬುದು ಮಧುಗಿರಿಯ ನೆರೆಯಲ್ಲಿಯೇ ಕಂಡುಬಂದಿತು. 1938ನೆಯ ಏಪ್ರಿಲ್ 25ರಂದು ಗೌರಿಬಿದನೂರು ತಾಲ್ಲೂಕಿನ ವಿದುರಾಶ್ವತ್ಥದಲ್ಲಿ, ರಾಷ್ಟ್ರಧ್ವಜದ ಸಲುವಾಗಿ ಕೂಡಿದ್ದ ಜನರ ಮೇಲೆ ಪೊಲೀಸರು ಗುಂಡು ಹಾರಿಸಿ ಅನೇಕರು ಮಡಿದರು. ಪ್ರಜಾಪ್ರತಿನಿಧಿಸಭೆಯೆಂಬುದು ಐವತ್ತೇಳು ವರ್ಷಗಳಿಂದ ನಡೆಯುತ್ತಿದ್ದ ಸಂಸ್ಥಾನದಲ್ಲಿ ಇದು ನಡೆಯಿತು! ಕೇಳುವ ಸಭೆಗೂ ಆಳುವ ಸಭೆಗೂ ಇರುವ ಅಂತರವನ್ನು ಈ ಸೀಮೆಯ ಜನರಿಗೆ ಬೇರೆ ಯಾರೂ ಬೋಧಿಸಬೇಕಾಗಿರಲಿಲ್ಲ. 1947ರ ಮೈಸೂರು ಚಲೋ ಚಳವಳಿಯಾದ ಮೇಲೆ ಆ ಅಕ್ಟೋಬರಿನಲ್ಲಿ ಕೆ. ಸಿ. ರೆಡ್ಡಿಯವರ ಜನತಾ ಸರ್ಕಾರವು ಬಂದಿತು. 1949ರಲ್ಲಿ ಹಳೆಯ ಸಭೆಗಳು ಮುಕ್ತಾಯವಾದುವು. 1951-52ರ ಮಹಾಚುನಾವಣೆಯಲ್ಲಿ ಇಪ್ಪತ್ತೊಂದು ವರ್ಷ ತುಂಬಿದ ಸ್ತ್ರೀಪುರುಷರೆಲ್ಲರೂ, ಒಂದು ಗುಂಟೆ ನೆಲವಿಲ್ಲದವರೂ, ಪಟೇಲನ ಸಾಲಿನಲ್ಲಿಯೇ ನಿಂತು ಚೀಟಿ ಹಾಕಿದರು. ಸಂಖ್ಯೆಯ ದೃಷ್ಟಿಯಿಂದ ಪ್ರಾತಿನಿಧ್ಯವು ಅಲ್ಲಿಗೆ ಪೂರ್ಣವಾಯಿತು.

ಸಂಖ್ಯೆಯು ಪೂರ್ಣವಾದ ಮೇಲೂ ಸಂದೇಹವು ಏಕೆ ಉಳಿಯಿತು? ಇಂಗ್ಲೆಂಡಿನಿಂದ ಬಂದ ಎಣಿಕೆಯ ಕ್ರಮವು ಮೊದಲನೆಯ ಕಾರಣ. ಕ್ಷೇತ್ರದಲ್ಲಿ ಎಲ್ಲರಿಗಿಂತ ಹೆಚ್ಚು ಮತ ಪಡೆದವನು ಗೆಲ್ಲುವನು; ಅವನಿಗೆ ಮತ ಕೊಡದವರು ಅರ್ಧಕ್ಕಿಂತ ಹೆಚ್ಚಾಗಿದ್ದರೂ ಅಡ್ಡಿಯಿಲ್ಲ. 2018ರಲ್ಲಿ ಕರ್ಣಾಟಕದ 222 ಸ್ಥಾನಗಳಿಗೆ ಚುನಾವಣೆ ನಡೆದಾಗ ನೂರಕ್ಕೆ ಸುಮಾರು 38 ಮತ ಪಡೆದ ಕಾಂಗ್ರೆಸ್ಸಿಗೆ 78 ಸ್ಥಾನಗಳೂ, ಸುಮಾರು 36 ಮತ ಪಡೆದ ಭಾರತೀಯ ಜನತಾ ಪಕ್ಷಕ್ಕೆ 104 ಸ್ಥಾನಗಳೂ ಬಂದುವು. ಇದರಲ್ಲಿ ಯಾರ ಮೋಸವೂ ಇಲ್ಲ. ಲೆಕ್ಕದ ಕ್ರಮವೇ ಅಂಥದು. ಇಂಗ್ಲೆಂಡಿನ ಪಾರ್ಲಿಮೆಂಟಾದರೂ, 1832ರ ಸುಧಾರಣೆಯವರೆಗೆ, ಜನವೇ ಇಲ್ಲದ ಓಲ್ಡ್ ಸಾರಮ್ ಎಂಬ ಪಾಳುದಿಣ್ಣೆಗೆ ಇಬ್ಬರು ಸದಸ್ಯರನ್ನು ಕೊಟ್ಟು, ಮ್ಯಾಂಚೆಸ್ಟರ್ ಪಟ್ಟಣಕ್ಕೆ ಒಬ್ಬರನ್ನೂ ಕೊಡದೆ ನಡೆಯುತ್ತಿದ್ದಿತೆಂಬುದನ್ನು ನೆನೆದರೆ ಆಶ್ಚರ್ಯಕ್ಕೆ ಕಾರಣವಿಲ್ಲ.

ಎರಡನೆಯದು ಇನ್ನೂ ಗಹನವಾದುದು. ಗೆದ್ದವನು ಯಾರ ಮಾತನ್ನು ಆಡಬೇಕು? 1774ರಲ್ಲಿ ಎಡ್ಮಂಡ್ ಬರ್ಕನು ಬ್ರಿಸ್ಟಲ್ ಪಟ್ಟಣದ ಮತದಾರರಿಗೆ, ಸದಸ್ಯನು ಅವರ ಆಜ್ಞಾಧಾರಕನಲ್ಲ, ತನ್ನ ವಿವೇಕವನ್ನು ಅವರಿಗಾಗಿ ಉಪಯೋಗಿಸತಕ್ಕವನು ಎಂದು ವಾದಿಸಿದನು. ಆರು ವರ್ಷಗಳಲ್ಲಿ ಆ ಪಟ್ಟಣವು ಅವನ ಕೈಬಿಟ್ಟಿತು. ನಮ್ಮ ದೇಶದಲ್ಲಿ 1985ರ ಪಕ್ಷಾಂತರ ನಿಷೇಧದ ತಿದ್ದುಪಡಿಯಾದಂದಿನಿಂದ, ಪಕ್ಷದ ಆಜ್ಞೆಗೆ ವಿರುದ್ಧವಾಗಿ ಮತ ಕೊಟ್ಟ ಸದಸ್ಯನು ತನ್ನ ಸ್ಥಾನವನ್ನೇ ಕಳೆದುಕೊಳ್ಳಬೇಕಾಗುವುದು. ಹಣಕ್ಕಾಗಿ ಪಕ್ಷ ಬಿಡುವವರನ್ನು ತಡೆಯುವುದಕ್ಕೆ ಈ ನಿಯಮವು ಅವಶ್ಯವಾಗಿತ್ತೆಂಬುದು ಸತ್ಯ. ಆದರೆ ಇದರ ದೆಸೆಯಿಂದ ಪಾವಗಡದ ಸದಸ್ಯನು ಸದನದಲ್ಲಿ ಪಾವಗಡದ ಮಾತನ್ನು ಆಡಬಹುದೇ ಹೊರತು, ಪಕ್ಷವು ಬೇಡವೆಂದರೆ ಪಾವಗಡದ ಮತವನ್ನು ಕೊಡಲಾರನು. 1881ರ ಸದಸ್ಯನಿಗೂ ಮಾತನಾಡುವ ಹಕ್ಕೇ ಇದ್ದುದು.

ಪಾವಗಡವೂ, 2008ರಿಂದ ಕೊರಟಗೆರೆಯೂ ಪರಿಶಿಷ್ಟ ಜಾತಿಯವರಿಗೆ ಮೀಸಲಾದ ವಿಧಾನಸಭಾ ಕ್ಷೇತ್ರಗಳು. ಅಂದು 144ರ ಹೊರಗೆ ನಿಂತ ಕೇರಿಯವರು ಇಂದು ಸದನದೊಳಗೆ ಕುಳಿತಿರುವರು. ಇದು ಸಾಮಾನ್ಯವಾದ ಬದಲಾವಣೆಯಲ್ಲ. ಅಭ್ಯರ್ಥಿಯು ಆ ವರ್ಗದವನಾದರೂ ಆರಿಸುವವರು ಎಲ್ಲ ವರ್ಗದವರೆಂಬುದು 1932ರ ಪೂನಾ ಒಪ್ಪಂದದಿಂದ ಬಂದ ಏರ್ಪಾಡು. ಅದರ ಬಗ್ಗೆ ಡಾ. ಅಂಬೇಡ್ಕರ್ ಅವರಿಗಿದ್ದ ಅಸಮಾಧಾನವು ನಿರಾಧಾರವಾದುದೆಂದು ಹೇಳುವಂತಿಲ್ಲ. ಸ್ತ್ರೀಯರ ವಿಷಯದಲ್ಲಿಯಂತೂ, 1923ರಲ್ಲಿ ಮತ ಕೊಟ್ಟ ಸೀಮೆಗೆ ಶಾಸನಸಭೆಯಲ್ಲಿ ಮೂರನೆಯ ಒಂದು ಭಾಗ ಸ್ಥಾನವನ್ನು ಕಾಗದದ ಮೇಲೆ ಕಾಣಲು 2023ರ ತಿದ್ದುಪಡಿಯವರೆಗೆ ಸರಿಯಾಗಿ ನೂರು ವರ್ಷ ಹಿಡಿಯಿತು.

ಈ ಪ್ರಸಂಗದಲ್ಲಿ ಕಲ್ಯಾಣದ ಅನುಭವಮಂಟಪವನ್ನು ಜಗತ್ತಿನ ಮೊದಲನೆಯ ಪಾರ್ಲಿಮೆಂಟೆಂದು ಕೊಂಡಾಡುವುದು ಭಕ್ತವೃಂದದಲ್ಲಿ ರೂಢಿಯಾಗಿದೆ. ಅಭಿಮಾನವು ಮೆಚ್ಚತಕ್ಕುದೇ; ಹೋಲಿಕೆಯು ಮಾತ್ರ ವಿಚಾರಣೀಯ. ಹದಿನೈದನೆಯ ಶತಮಾನದ ಶೂನ್ಯಸಂಪಾದನೆಯು ಚಿತ್ರಿಸುವ ಆ ಗೋಷ್ಠಿಯಲ್ಲಿ ಮಡಿವಾಳ ಮಾಚಯ್ಯನು ಮಡಿವಾಳರಿಂದ ಚುನಾಯಿತನಾಗಿ ಬಂದವನಲ್ಲ. ಆಯ್ದಕ್ಕಿ ಲಕ್ಕಮ್ಮನು ಯಾರ ಪರವಾಗಿಯೂ ಮಾತನಾಡಿದವಳಲ್ಲ. ಅಲ್ಲಿ ಯಾರೂ ಯಾರಿಗೂ ಪ್ರತಿನಿಧಿಯಲ್ಲ. ತನ್ನ ಅನುಭಾವಕ್ಕೆ ತಾನೇ ಸಾಕ್ಷಿ. ಪಾರ್ಲಿಮೆಂಟಿನಲ್ಲಿ ಒಬ್ಬನು ಲಕ್ಷಾಂತರ ಜನರ ಬದಲು ಮಾತನಾಡುವನು. ಮಂಟಪದಲ್ಲಿ ಆ ಬದಲೇ ಇಲ್ಲ. ಅದಕ್ಕೆ ಹತ್ತಿರವಾದ ಸಂಸ್ಥೆಯನ್ನು ಇಂದಿನ ಕಾನೂನಿನಲ್ಲಿ ಹುಡುಕುವುದಾದರೆ ಅದು ದೆಹಲಿಯಲ್ಲಿಯೂ ಬೆಂಗಳೂರಿನಲ್ಲಿಯೂ ಇಲ್ಲ. 1993ರ ಪಂಚಾಯತ್ ರಾಜ್ ಅಧಿನಿಯಮದ ಗ್ರಾಮಸಭೆಯಲ್ಲಿದೆ. ಊರಿನ ಮತದಾರರೆಲ್ಲರೂ ತಾವೇ ಅದರ ಸದಸ್ಯರು.

ಗ್ರಾಮಸಭೆಯ ಮಾತು ಎಷ್ಟು ದೂರ ನಡೆಯುವುದೆಂಬುದಕ್ಕೆ ಪಾವಗಡ ತಾಲ್ಲೂಕಿನ ತಿರುಮಣಿಯ ಪ್ರಾಂತವೇ ಪರೀಕ್ಷಾಸ್ಥಳ. ಅಲ್ಲಿನ ಐದು ಗ್ರಾಮಗಳ ಸುಮಾರು 13,000 ಎಕರೆ ನೆಲದಲ್ಲಿ ಸೂರ್ಯಶಕ್ತಿಯ ವಿದ್ಯುತ್ ಸ್ಥಾವರವು ಎದ್ದಿರುವುದು. 2018ನೆಯ ಮಾರ್ಚಿಯಲ್ಲಿ ಅದರ ಆರಂಭೋತ್ಸವವಾಯಿತು. ರೈತರಿಂದ ನೆಲವನ್ನು ಕಿತ್ತುಕೊಳ್ಳದೆ, ಎಕರೆಗೆ ವರ್ಷಕ್ಕೆ 21,000 ರೂಪಾಯಿಯಂತೆ ಗುತ್ತಿಗೆಗೆ ಪಡೆದುದು ಹಿಂದಿನ ಯೋಜನೆಗಳಿಗಿಂತ ಮೇಲಾದ ಕ್ರಮ. ಸತತ ಬರದಲ್ಲಿ ಬೇಸತ್ತ ಹಿಡುವಳಿದಾರನಿಗೆ ಅದು ಆಧಾರವೇ ಆಯಿತು. ಆದರೆ ಆ ಹೊಲಗಳಲ್ಲಿ ಕಡಲೆಕಾಯಿ ಬಿತ್ತಿ ಕಿತ್ತು ಜೀವಿಸುತ್ತಿದ್ದ ಕೂಲಿಯವರಿಗೂ, ಅಲ್ಲಿ ಕುರಿ ಮೇಯಿಸುತ್ತಿದ್ದವರಿಗೂ ಗುತ್ತಿಗೆಯ ಹಣದಲ್ಲಿ ಪಾಲಿಲ್ಲ. ಪತ್ರದಲ್ಲಿ ಅವರ ಹೆಬ್ಬೆಟ್ಟೂ ಬೇಕಾಗಲಿಲ್ಲ. ಕಂದಾಯ ಕಟ್ಟುವವನ ಹೆಸರೇ ಇಲ್ಲಿಯೂ ಲೆಕ್ಕಕ್ಕೆ ಬಂದಿತು. ಅವರೆಲ್ಲರ ಹೆಸರುಗಳೂ ಮತದಾರರ ಪಟ್ಟಿಯಲ್ಲಿವೆ. ಐದು ವರ್ಷಕ್ಕೊಮ್ಮೆ ಅವರ ಮತಗಳನ್ನು ವಿಧಾನಸಭೆಗಾಗಿ ಪಾವಗಡದ ಲೆಕ್ಕಕ್ಕೂ, ಲೋಕಸಭೆಗಾಗಿ ಚಿತ್ರದುರ್ಗದ ಲೆಕ್ಕಕ್ಕೂ ಸೇರಿಸುತ್ತಾರೆ.